ಕುದುರೆಮುಖಕ್ಕೆ ಹೋಗುವ ಮುನ್ನ



ಪ್ರವಾಸದ ಸಿದ್ಧತೆಯೆಂದರೆ ಸಾಮಾನ್ಯವಾಗಿ ನಮ್ಮ ಮನಸ್ಸಿಗೆ ಬರುವುದು ಗಾಡಿಯ ಏರ್ಪಾಡು, ಇಳಿದುಕೊಳ್ಳುವ ಸ್ಥಳದ ಏರ್ಪಾಡು, ಬುತ್ತಿಯ ಏರ್ಪಾಡು. ಊರಿಂದೂರಿಗೆ ಹೋಗುವವರಿಗೆ ಇಷ್ಟು ಸಾಕು. ಮರೆತ ಸಾಮಾನು ಅಲ್ಲಿಯ ಅಂಗಡಿಯಲ್ಲಿ ಸಿಕ್ಕೀತು. ತಡವಾದರೆ ಬೀದಿಯ ದೀಪ ದಾರಿ ತೋರೀತು. ಆದರೆ ಸರಕಾರವು ಕಾನೂನಿನ ಬೇಲಿ ಹಾಕಿ ಕಾಪಾಡಿರುವ ಒಂದು ಪರ್ವತಾರಣ್ಯಕ್ಕೆ ಹೋಗುವಾಗ ಲೆಕ್ಕವೇ ಬೇರೆ. ಅಲ್ಲಿ ಅಂಗಡಿಯಿಲ್ಲ, ದೀಪವಿಲ್ಲ. ಮೇಲಾಗಿ ಆ ಸ್ಥಳವನ್ನು ಕಾಪಾಡಿರುವುದು ನಮ್ಮ ವಿನೋದಕ್ಕಾಗಿ ಅಲ್ಲ. ಅಲ್ಲಿ ನಾವು ಅತಿಥಿಗಳು. ಮನೆಯ ಯಜಮಾನನ ಊಟದ ಹೊತ್ತು, ನಿದ್ರೆಯ ಹೊತ್ತು, ಅವನ ಸೌಕರ್ಯ ಅಸೌಕರ್ಯಗಳನ್ನು ವಿಚಾರಿಸಿಕೊಂಡು ಹೋಗುವವನೇ ಒಳ್ಳೆಯ ಅತಿಥಿ. ಬೆಟ್ಟದ ವಿಷಯದಲ್ಲಿಯೂ ಹೀಗೆಯೇ. ಈ ಮಾತನ್ನು ಕುದುರೆಮುಖದ ದೃಷ್ಟಾಂತದಿಂದ ಸ್ಪಷ್ಟಪಡಿಸುವುದು ಈ ಭಾಷಣದ ಉದ್ದೇಶ.

ಮೊದಲು ಯಜಮಾನನ ಪರಿಚಯವಾಗಲಿ. ಚಿಕ್ಕಮಗಳೂರು, ದಕ್ಷಿಣ ಕನ್ನಡ, ಉಡುಪಿ ಜಿಲ್ಲೆಗಳು ಸಂಧಿಸುವಲ್ಲಿ ಪಶ್ಚಿಮ ಘಟ್ಟದ ಒಂದು ಶಿಖರವು ಕುದುರೆಯ ಮೋರೆಯಂತೆ ಸಮುದ್ರದ ಕಡೆಗೆ ಮುಖ ಮಾಡಿ ನಿಂತಿದೆ. ಎತ್ತರ ಸುಮಾರು 6,200 ಅಡಿ. ಇದರ ಸುತ್ತಣ ಸುಮಾರು 600 ಚದರ ಕಿಲೋಮೀಟರು ಪ್ರದೇಶವನ್ನು 1987ನೆಯ ಇಸವಿಯಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲಾಯಿತು. ‘ಉದ್ಯಾನ’ವೆಂಬ ಹೆಸರನ್ನು ಕೇಳಿ ನೀವು ಲಾಲ್‌ಬಾಗನ್ನು ನೆನೆಯಬಾರದು. ಇಲ್ಲಿ ಮಾಲಿಯಿಲ್ಲ, ಹೂವಿನ ಪಾತಿಯಿಲ್ಲ. ಇರುವುದು ಎರಡೇ: ಬೆಟ್ಟದ ಬೆನ್ನಿನ ಮೇಲೆ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ದಟ್ಟವಾದ ಕಾಡು. ದೂರದಿಂದ ನೋಡಿದರೆ ಹಸುರು ಮಖಮಲ್ಲಿನ ಮಡಿಕೆಗಳ ನಡುವೆ ಕಪ್ಪು ಗೆರೆ ಎಳೆದಂತೆ ತೋರುತ್ತದೆ. ಕಣಿವೆಯ ಈ ಕಾಡಿಗೆ ಶೋಲಾ ಎಂದು ಹೆಸರು.

ಈ ಹುಲ್ಲೂ ಈ ಕಾಡೂ ಮಾಡುವ ಕೆಲಸವೇನು? ಮೈಸೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು. ಕುದುರೆಮುಖದಲ್ಲಿ ಸುಮಾರು 7,000 ಮಿಲಿಮೀಟರು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದುಹೋಗುತ್ತದೆ. ಇಷ್ಟು ನೀರು ಬೋಳು ಮಣ್ಣಿನ ಮೇಲೆ ಬಿದ್ದಿದ್ದರೆ ನಾಲ್ಕು ತಿಂಗಳು ಪ್ರವಾಹ, ಎಂಟು ತಿಂಗಳು ಬರಿಯ ಕಲ್ಲು ಆಗುತ್ತಿತ್ತು. ಹುಲ್ಲಿನ ಬೇರು ಮಣ್ಣನ್ನು ಹಿಡಿಯುತ್ತದೆ. ಶೋಲಾದ ನೆಲದಲ್ಲಿ ಕೊಳೆತ ಎಲೆಯ ದಪ್ಪ ಪದರವು ನೀರನ್ನು ಹೀರಿಕೊಂಡು, ಬೇಸಗೆಯಲ್ಲಿ ಹನಿ ಹನಿಯಾಗಿ ಬಿಡುತ್ತದೆ. ಈ ಹನಿಗಳೇ ಕೂಡಿ ನದಿಯಾಗುತ್ತವೆ. ಇದೇ ಸೀಮೆಯ ಗಂಗಾಮೂಲವು ತುಂಗಾ, ಭದ್ರಾ, ನೇತ್ರಾವತಿಗಳ ಉಗಮಸ್ಥಾನವೆಂದು ಪ್ರಸಿದ್ಧವಾಗಿದೆ. ತುಂಗೆ ಭದ್ರೆಗಳು ಕೂಡಲಿಯಲ್ಲಿ ಕೂಡಿ, ಹೊಸಪೇಟೆಯ ಅಣೆಕಟ್ಟನ್ನು ತುಂಬಿ, ಕೃಷ್ಣೆಯ ಮೂಲಕ ಪೂರ್ವಸಮುದ್ರವನ್ನು ಸೇರುತ್ತವೆ. ನೇತ್ರಾವತಿಯು ಮಂಗಳೂರಿನ ಜನಕ್ಕೆ ಕುಡಿಯುವ ನೀರನ್ನು ಕೊಟ್ಟು ಪಶ್ಚಿಮಸಮುದ್ರವನ್ನು ಸೇರುತ್ತದೆ. ಆದುದರಿಂದ ಕುದುರೆಮುಖವನ್ನು ಎಂದೂ ನೋಡದವರು ಕೂಡ ಅದರ ನೀರನ್ನು ಕುಡಿದಿರುವುದುಂಟು.

ಈ ಬೆಟ್ಟ ಸುಲಭವಾಗಿ ಉಳಿಯಲಿಲ್ಲ. ಇಲ್ಲಿಯ ಬಂಡೆಗಳಲ್ಲಿ ಕಬ್ಬಿಣದ ಅದಿರಿದೆಯೆಂಬುದನ್ನು 1913ರಲ್ಲಿ ಭೂವಿಜ್ಞಾನಿ ಸಂಪತ್ ಅಯ್ಯಂಗಾರ್ಯರು ಗುರುತಿಸಿದರು. 1976ರಲ್ಲಿ ಅದಿರನ್ನು ತೆಗೆಯಲು ಕೇಂದ್ರ ಸರಕಾರದ ಒಂದು ಕಂಪೆನಿ ಸ್ಥಾಪಿತವಾಯಿತು. 1980ರಲ್ಲಿ ಕೆಲಸ ಆರಂಭವಾಯಿತು. ಗುಡ್ಡವನ್ನು ಅಗೆದು, ಅರೆದು, ಅದಿರಿನ ಕೆಸರನ್ನು ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದರು. ಉಳಿದ ಕಸರನ್ನು ತಡೆಯಲು ಲಕ್ಯಾ ಹೊಳೆಗೆ ಕಟ್ಟಿದ ಅಣೆ ಇಂದಿಗೂ ನಿಂತಿದೆ. ಸಾವಿರಾರು ಸಂಸಾರಗಳು ಈ ಗಣಿಯಿಂದ ಅನ್ನ ತಿಂದದ್ದು ನಿಜ. ಭದ್ರೆಯ ನೀರು ಕೆಂಪಾಗಿ ಹರಿದದ್ದೂ ನಿಜ. ವಿಷಯ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. 2002ರಲ್ಲಿ ತೀರ್ಪಾಯಿತು, 2005ನೆಯ ಇಸವಿಯ ಕೊನೆಯ ದಿನಕ್ಕೆ ಗಣಿ ನಿಂತಿತು. 2012ರಲ್ಲಿ ಯುನೆಸ್ಕೋ ಸಂಸ್ಥೆಯು ಪಶ್ಚಿಮ ಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಕುದುರೆಮುಖವೂ ಅವುಗಳಲ್ಲಿ ಒಂದಾಯಿತು. ಕಂಪೆನಿಯ ಯಂತ್ರಗಳಿಂದ ಉಳಿದುಕೊಂಡ ಬೆಟ್ಟವು ನಮ್ಮ ಕಾಲುಗಳಿಂದ ಕೆಡಬಾರದು. ಪ್ರವಾಸದ ಸಿದ್ಧತೆ ಈ ಸಂಕಲ್ಪದಿಂದ ಮೊದಲಾಗಬೇಕು.

ಇನ್ನು ಕಾಲದ ವಿಚಾರ. ವರ್ಷದ ಎಲ್ಲ ತಿಂಗಳುಗಳೂ ಬೆಟ್ಟಕ್ಕೆ ಸಮಾನವಲ್ಲ. ಮಳೆಗಾಲದಲ್ಲಿ ಹಳ್ಳಗಳು ತುಂಬಿ ದಾರಿಯನ್ನು ಕಡಿದುಹಾಕುತ್ತವೆ. ಬೆಳಗ್ಗೆ ಮೊಣಕಾಲುದ್ದ ದಾಟಿದ ಹಳ್ಳವು ಸಂಜೆ ಎದೆಯುದ್ದವಾಗಬಹುದು. ಬೇಸಗೆಯಲ್ಲಿ ಹುಲ್ಲು ಒಣಗಿ ಬೆಂಕಿಗೆ ಸಿದ್ಧವಾಗಿರುತ್ತದೆ. ಒಂದು ಬೀಡಿಯ ತುಂಡಿನಿಂದ ಇಡೀ ಗುಡ್ಡ ಹತ್ತಿಕೊಂಡೀತು. ಆದುದರಿಂದ ಆ ತಿಂಗಳುಗಳಲ್ಲಿ ಅರಣ್ಯ ಇಲಾಖೆಯವರು ದಾರಿಯನ್ನು ಮುಚ್ಚುವುದುಂಟು. ಮಳೆ ಬಿಟ್ಟ ಮೇಲೆ, ಅಕ್ಟೋಬರಿನಿಂದ ಜನವರಿಯವರೆಗಿನ ಕಾಲವು ಹೊಸಬರಿಗೆ ಹಿತವಾದದ್ದು. ಆಗ ಹುಲ್ಲು ಹಸುರಾಗಿರುತ್ತದೆ, ಹಳ್ಳಗಳಲ್ಲಿ ನೀರಿರುತ್ತದೆ, ಗಾಳಿ ತಂಪಾಗಿರುತ್ತದೆ. ಆದರೂ ಹೊರಡುವ ಮುನ್ನ ದಾರಿ ತೆರೆದಿದೆಯೇ ಎಂದು ವಿಚಾರಿಸದೆ ಹೊರಡಬಾರದು. ಕಳೆದ ವರ್ಷ ಹೋದವರ ಮಾತು ಈ ವರ್ಷಕ್ಕೆ ಪ್ರಮಾಣವಲ್ಲ.

ಎರಡನೆಯದು ಅಪ್ಪಣೆ. ಅಪ್ಪಣೆಯಿಲ್ಲದೆ ಈ ಉದ್ಯಾನದಲ್ಲಿ ಬೆಟ್ಟವನ್ನು ಏರುವಂತಿಲ್ಲ. ಇಲಾಖೆಯ ಅಂತರ್ಜಾಲದ ವ್ಯವಸ್ಥೆಯಲ್ಲಿ ಮುಂಚಿತವಾಗಿ ಹೆಸರನ್ನು ನೋಂದಾಯಿಸಿ, ಶುಲ್ಕ ಕಟ್ಟಿ, ಗುರುತಿನ ಚೀಟಿಯೊಡನೆ ಹೋಗಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯುಂಟು; ಮಾರ್ಗದರ್ಶಕನನ್ನು ಜೊತೆಗೆ ಕರೆದೊಯ್ಯಬೇಕು; ರಾತ್ರಿ ಬೆಟ್ಟದ ಮೇಲೆ ತಂಗುವಂತಿಲ್ಲ. “ಬೆಟ್ಟ ದೇವರದು, ಇವರ ಚೀಟಿಯೇಕೆ?” ಎಂದು ಕೇಳುವವರುಂಟು. 2024ನೆಯ ಇಸವಿಯ ಜನವರಿ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಯ ದಿನಗಳಲ್ಲಿ, ಕುಮಾರಪರ್ವತದ ಬುಡದಲ್ಲಿ ಸಾವಿರಾರು ಜನ ಒಂದೇ ಕಾಲುದಾರಿಗಾಗಿ ನೂಕಾಡಿದ ಚಿತ್ರವನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಅದಾದ ಮೇಲೆಯೇ ಸರಕಾರವು ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಬೆಟ್ಟಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಲ್ಲಿಸಿತು.

ಜನಸಂಖ್ಯೆಗೆ ಮಿತಿ ಏಕೆಂಬುದು ಕಾಲುದಾರಿಯನ್ನು ನೋಡಿದವರಿಗೆ ಹೊಳೆಯುತ್ತದೆ. ಒದ್ದೆಯಾದ ಇಳಿಜಾರಿನಲ್ಲಿ ದಾರಿ ಕೆಸರಾದಾಗ ನಾವು ಚಪ್ಪಲಿ ಕೊಳೆಯಾಗದಿರಲೆಂದು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತೇವೆ. ನಮ್ಮ ಹಿಂದಿನವರು ಅದಕ್ಕೂ ಪಕ್ಕದಲ್ಲಿ ಕಾಲಿಡುತ್ತಾರೆ. ಒಂದು ಅಡಿಯ ದಾರಿ ಹತ್ತು ಅಡಿಯಾಗುತ್ತದೆ. ಹುಲ್ಲು ಸತ್ತ ಕಡೆ ಮುಂದಿನ ಮಳೆ ಮಣ್ಣನ್ನು ಕೊರೆದು ಕಾಲುವೆ ಮಾಡುತ್ತದೆ, ಕಾಲುವೆ ಕೊರಕಲಾಗುತ್ತದೆ. ಒಬ್ಬನ ತುಳಿತಕ್ಕೆ ಬಾಗಿದ ಹುಲ್ಲು ಮರುದಿನ ಏಳುತ್ತದೆ. ಸಾವಿರ ಜನರ ತುಳಿತಕ್ಕೆ ಬಾಗಿದ್ದು ಏಳುವುದಿಲ್ಲ. ಆದುದರಿಂದ ಕೆಸರಿದ್ದರೆ ಕೆಸರಿನಲ್ಲಿಯೇ ನಡೆಯುವುದು ಬೆಟ್ಟದ ಮರ್ಯಾದೆ. ಅಪ್ಪಣೆ ಸಿಗದ ದಿನ ಬೇರೊಂದು ದಿನವನ್ನು ಆರಿಸಿಕೊಳ್ಳುವುದೂ ಅದೇ ಮರ್ಯಾದೆಯ ಭಾಗ.

ಮೂರನೆಯದು ಹೊತ್ತಿನ ಲೆಕ್ಕ. ಇದನ್ನು ಮನೆಯಲ್ಲಿ ಕಾಗದದ ಮೇಲೆ ಮಾಡಬಹುದಾದರೂ ಮಾಡುವವರು ಕಡಮೆ. 1892ರಲ್ಲಿ ನೇಸ್ಮಿತ್ ಎಂಬ ಸ್ಕಾಟ್‌ಲೆಂಡಿನ ಪರ್ವತಾರೋಹಿ ಒಂದು ಸೂತ್ರವನ್ನು ಹೇಳಿದನು: ಪ್ರತಿ ಮೂರು ಮೈಲಿ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ಗಂಟೆ. ಕುದುರೆಮುಖದ ಶಿಖರಕ್ಕೆ ಜನ ಸಾಮಾನ್ಯವಾಗಿ ಹೋಗುವುದು ಕಳಸದ ಕಡೆಯಿಂದ. ಸಂಸೆಯ ಸಮೀಪದ ಬಾಳೆಗಲ್ಲಿನಿಂದ ಮುಳ್ಳೋಡಿಯವರೆಗೆ ಜೀಪು. ಅಲ್ಲಿಂದ ಮುಂದೆ ಕಾಲುನಡಿಗೆ. ಹೋಗಿಬರಲು ಸುಮಾರು 20 ಕಿಲೋಮೀಟರು, ಏರು ಸುಮಾರು 3,000 ಅಡಿ. ಸೂತ್ರದಂತೆ ಹೋಗುವ ಹತ್ತು ಕಿಲೋಮೀಟರಿಗೆ ಎರಡು ಗಂಟೆ, ಏರಿಗೆ ಒಂದೂವರೆ ಗಂಟೆ, ಒಟ್ಟು ಮೂರೂವರೆ. ಆದರೆ ನೇಸ್ಮಿತನು ಲೆಕ್ಕ ಹಾಕಿದ್ದು ಬೆಟ್ಟ ಹತ್ತಿ ಪಳಗಿದ ಕಾಲುಗಳಿಗೆ. ಕುರ್ಚಿಯ ಮೇಲೆ ಕುಳಿತು ಪಳಗಿದ ನಮ್ಮ ಕಾಲುಗಳಿಗೆ ಅದರ ಒಂದೂವರೆಯಷ್ಟು ಬೇಕು. ಅಂದರೆ ಐದು ಗಂಟೆಗೆ ಸ್ವಲ್ಪ ಮೇಲೆ. ಇಳಿಯುವುದಕ್ಕೆ ನಾಲ್ಕು, ಊಟ ವಿಶ್ರಾಂತಿಗಳಿಗೆ ಒಂದು. ಹತ್ತು ಗಂಟೆ ದಾಟಿತು. ಡಿಸೆಂಬರ್ ಕೊನೆಯಲ್ಲಿ ನಮ್ಮ ಸೀಮೆಯ ಹಗಲು ಹನ್ನೊಂದು ಗಂಟೆಗಿಂತ ಸ್ವಲ್ಪವೇ ಹೆಚ್ಚು. ಬೆಳಗ್ಗೆ ಏಳಕ್ಕೆ ಹೊರಟವರಿಗೆ ಕತ್ತಲೆಗೂ ತಮಗೂ ನಡುವೆ ಒಂದು ಗಂಟೆಯೂ ಉಳಿಯುವುದಿಲ್ಲ. ಆದುದರಿಂದ ಹೊರಡುವ ಹೊತ್ತನ್ನು ಗೊತ್ತುಮಾಡುವುದರ ಜೊತೆಗೆ ಹಿಂದಿರುಗುವ ಹೊತ್ತನ್ನೂ ಗೊತ್ತುಮಾಡಬೇಕು. ಹನ್ನೆರಡೂವರೆ ಎಂದು ಇಟ್ಟುಕೊಳ್ಳಿ. ಶಿಖರ ಸಿಕ್ಕಿರಲಿ ಬಿಡಲಿ, ಹನ್ನೆರಡೂವರೆಗೆ ಮುಖ ತಿರುಗಿಸಬೇಕು.

ಇಲ್ಲಿ ಸ್ವಂತ ಅನುಭವವೊಂದನ್ನು ಹೇಳಲು ಅಪ್ಪಣೆ ಬೇಡುತ್ತೇನೆ. ಒಂದು ಡಿಸೆಂಬರಿನಲ್ಲಿ ನಾವು ಆರು ಮಂದಿ ಸ್ನೇಹಿತರು ಹೋದೆವು. ಹಿಂದಿನ ರಾತ್ರಿ ಈ ಲೆಕ್ಕವನ್ನೆಲ್ಲ ಹಾಕಿದವನು ನಾನೇ. ಬೆಳಗ್ಗೆ ಕಾಫಿ, ಎರಡನೆಯ ಕಾಫಿ, ಪಟ ತೆಗೆಯುವುದು ಎಂದು ಹೊರಟಾಗ ಎಂಟೂವರೆ ಆಗಿತ್ತು. ಹನ್ನೆರಡೂವರೆಗೆ ನಾವು ಹುಲ್ಲಿನ ದಿಣ್ಣೆಯ ಮೇಲಿದ್ದೆವು. ಆಕಾಶ ನಿರ್ಮಲವಾಗಿತ್ತು, ಶಿಖರವು ಅರ್ಧ ಗಂಟೆಯ ದಾರಿಯೆಂಬಂತೆ ಎದುರಿಗೆ ಕಾಣುತ್ತಿತ್ತು. ನಮ್ಮ ಮಾರ್ಗದರ್ಶಕನು ಅಲ್ಲಿಯೇ ಹುಟ್ಟಿ ಬೆಳೆದ ವೃದ್ಧನು. ಪಶ್ಚಿಮದ ಕಡೆ ನೋಡಿ, “ಇನ್ನು ಬೇಡ ಸ್ವಾಮಿ, ತಿರುಗಿ ಹೋಗುವ” ಎಂದನು. ಸ್ನೇಹಿತರು ನನ್ನ ಮುಖವನ್ನು ನೋಡಿದರು. ಲೆಕ್ಕ ಹಾಕಿದ ತಪ್ಪಿಗೆ ನಾನೂ “ಬೇಡ” ಎನ್ನಬೇಕಾಯಿತು. ಇಬ್ಬರು ನನ್ನೊಡನೆ ಮಾತುಬಿಟ್ಟರು. ತಿರುಗಿ ಅರ್ಧ ಗಂಟೆಯಾಗಿರಲಿಲ್ಲ, ಸಮುದ್ರದ ಕಡೆಯಿಂದ ಮಂಜು ಎದ್ದು ಬಂದಿತು. ಎದುರಿನವನ ಬೆನ್ನು ಕಾಣಲಿಲ್ಲ. ಎಡಗಡೆ ಇಳಿಜಾರು ಎಲ್ಲಿ ಮುಗಿಯುತ್ತದೆಂಬುದೂ ಕಾಣಲಿಲ್ಲ. ಆ ವೃದ್ಧನು ಕಾಲಿನಿಂದಲೇ ದಾರಿಯನ್ನು ತಡವುತ್ತ ಮುಂದೆ ಹೋದನು; ನಾವು ಒಬ್ಬರ ಚೀಲವನ್ನು ಮತ್ತೊಬ್ಬರು ಹಿಡಿದುಕೊಂಡು ಹಿಂಬಾಲಿಸಿದೆವು. ಮುಳ್ಳೋಡಿ ತಲಪಿದಾಗ ದೀಪ ಹಚ್ಚಿದ್ದರು. ಮಾತುಬಿಟ್ಟಿದ್ದ ಇಬ್ಬರೂ ಆಗ ಮಾತಾಡಿದರು. ನಾನು ಶಿಖರವನ್ನು ಇಂದಿಗೂ ಮುಟ್ಟಿಲ್ಲ. ಶಿಖರ ಕಾಣದವನ ಉಪದೇಶವೆಂದು ನೀವು ನಗಬಹುದು. ಆದರೆ ಉಪದೇಶ ಹೇಳಲು ತಿರುಗಿ ಬಂದಿದ್ದೇನೆ.

ನಾಲ್ಕನೆಯದು ಮೈಮೇಲಿನ ಮತ್ತು ಚೀಲದೊಳಗಿನ ಸಾಮಾನು. ಎತ್ತರ ಹೆಚ್ಚಿದಂತೆ, ಪ್ರತಿ ಸಾವಿರ ಮೀಟರಿಗೆ ಸುಮಾರು ಆರೂವರೆ ಡಿಗ್ರಿಯಂತೆ ಉಷ್ಣತೆ ಇಳಿಯುತ್ತದೆ; ಬೆವರಿದ ಮೈಗೆ ಶಿಖರದ ಗಾಳಿ ಚಳಿ ಹಿಡಿಸೀತು. ಆದುದರಿಂದ ಒಂದು ಬೆಚ್ಚನೆಯ ಉಡುಪು, ಮಳೆಯ ಅಂಗಿ, ಹಿಡಿತವುಳ್ಳ ಹಳೆಯ ಪಾದರಕ್ಷೆ ಬೇಕು. ಹೊಸ ಪಾದರಕ್ಷೆಯನ್ನು ಬೆಟ್ಟದ ಮೇಲೆ ಪರೀಕ್ಷಿಸಬಾರದು. ಕೈದೀಪ, ಸೀಟಿ, ಗಾಯಕ್ಕೆ ಕಟ್ಟುವ ಬಟ್ಟೆ ಇರಲಿ. ದೂರವಾಣಿಯನ್ನು ನಂಬಿ ಹೋಗಬೇಡಿ. ಬೆಟ್ಟದ ಬಹುಭಾಗದಲ್ಲಿ ಅದು ಮೂಕವಾಗಿರುತ್ತದೆ. ಎಲ್ಲಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಬರುತ್ತೇವೆ ಎಂಬುದನ್ನು ಕೆಳಗೆ ಇರುವ ಒಬ್ಬರಿಗೆ ತಿಳಿಸಿ ಹೋಗುವುದು ಅದಕ್ಕಿಂತ ಮೇಲು. ಬುತ್ತಿಗೆ ಚಪಾತಿ, ಬೆಲ್ಲ, ಕಡಲೆ, ಬಾಳೆಹಣ್ಣು ಸಾಕು. ಸಿಪ್ಪೆಯೂ ಸೇರಿ ಹೊತ್ತುಕೊಂಡು ಹೋದದ್ದೆಲ್ಲ ಹೊತ್ತುಕೊಂಡೇ ಬರಬೇಕು.

ಒದ್ದೆಯ ತಿಂಗಳುಗಳಲ್ಲಿ ಇಂಬಳಗಳು ಕಾಲಿಗೆ ಹತ್ತುತ್ತವೆ. ಕಚ್ಚಿದ್ದು ನಮಗೆ ತಿಳಿಯುವುದಿಲ್ಲ. ಅದರ ಜೊಲ್ಲಿನಲ್ಲಿರುವ ವಸ್ತುವು ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ, ಅದು ಬಿದ್ದುಹೋದ ಮೇಲೂ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ. ನೋಡಲು ಭಯಂಕರವಾದರೂ ಅಪಾಯ ಕಡಮೆ. ಷರಾಯಿಯನ್ನು ಕಾಲುಚೀಲದೊಳಕ್ಕೆ ಸೇರಿಸಿ, ಉಗುರಿನ ಅಂಚಿನಿಂದ ಇಂಬಳವನ್ನು ಜಾರಿಸಿ ತೆಗೆದು, ಗಾಯವನ್ನು ತೊಳೆದರೆ ಆಯಿತು. ಅದಕ್ಕಿಂತ ಎಚ್ಚರ ಬೇಕಾದದ್ದು ಒಣ ತಿಂಗಳುಗಳ ಉಣುಗಿನ ವಿಷಯದಲ್ಲಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯು ಮಲೆನಾಡಿನಲ್ಲಿ ಉಣುಗಿನ ಕಡಿತದಿಂದ ಹರಡುತ್ತದೆ. ತೆರಗಿನ ಮೇಲೆ ಕುಳಿತುಕೊಳ್ಳಬೇಡಿ. ಮೈತುಂಬ ಬಟ್ಟೆ ತೊಡಿ. ಬಂದ ಕೂಡಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ. ಸತ್ತ ಮಂಗವನ್ನು ಕಂಡರೆ ಹತ್ತಿರ ಹೋಗದೆ ಅರಣ್ಯದವರಿಗೆ ತಿಳಿಸಿ. ಹಿಂದಿರುಗಿದ ಮೇಲೆ ಜ್ವರ ಬಂದರೆ ಕಾಡಿಗೆ ಹೋಗಿದ್ದೆನೆಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಐದನೆಯದು, ಅಲ್ಲಿ ವಾಸಿಸುವವರ ವಿಚಾರ. ಈ ಕಾಡಿನಲ್ಲಿ ಹುಲಿಯುಂಟು, ಕಾಟಿಯುಂಟು, ಕಡವೆಯುಂಟು. ಆದರೆ ಕುದುರೆಮುಖದ ವಿಶೇಷ ಪ್ರಜೆ ಸಿಂಗಳೀಕ. ಕಪ್ಪು ಮೈ, ಮುಖದ ಸುತ್ತ ಬೂದು ಬಣ್ಣದ ಕೇಸರ, ಸಿಂಹದ ಬಾಲದಂತೆ ತುದಿಯಲ್ಲಿ ಕುಚ್ಚು. ಪಶ್ಚಿಮ ಘಟ್ಟವನ್ನು ಬಿಟ್ಟರೆ ಪ್ರಪಂಚದ ಬೇರೆ ಯಾವ ಕಾಡಿನಲ್ಲಿಯೂ ಇದಿಲ್ಲ. ಇದು ಮರದ ಮೇಲಿನಿಂದ ಮರದ ಮೇಲಕ್ಕೆ ಹೋಗುತ್ತ ನೆಲಕ್ಕೆ ಅಪರೂಪವಾಗಿ ಇಳಿಯುವ ಪ್ರಾಣಿ. ನಾವು ಬಿಸಾಡಿದ ಬಿಸ್ಕತ್ತಿನ ಆಸೆಗೆ ರಸ್ತೆಗೆ ಇಳಿಯುವುದನ್ನು ಕಲಿತರೆ, ಗಾಡಿಯ ಚಕ್ರಕ್ಕೆ ಸಿಕ್ಕುವುದನ್ನೂ ಕಲಿಯುತ್ತದೆ. ಒಂದು ಸಲಕ್ಕೆ ಒಂದೇ ಮರಿ ಹಾಕುವ ಈ ಸಂಸಾರದಲ್ಲಿ ಒಂದು ತಾಯಿ ಸತ್ತರೆ ಆ ನಷ್ಟ ಬೇಗ ತುಂಬುವುದಿಲ್ಲ. ಆದುದರಿಂದ ಕೋತಿಗೆ ತಿಂಡಿ ಹಾಕುವುದು ದಯೆಯಲ್ಲ. ಹಾಡಿನ ಪೆಟ್ಟಿಗೆಯನ್ನು ಹೊತ್ತೊಯ್ಯುವವರಿಗೂ ಇದೇ ಮಾತು: ಕಾಡಿನ ಸದ್ದನ್ನು ಕೇಳಲು ಹೋಗಿ ನಮ್ಮ ಸದ್ದನ್ನೇ ಕೇಳಿ ಬರುವುದರಲ್ಲಿ ಏನು ಲಾಭ?

ಇಲ್ಲಿ ಮನುಷ್ಯರೂ ಇದ್ದಾರೆ. ಮಲೆಕುಡಿಯರು ಮತ್ತು ಇತರ ಬೇಸಾಯಗಾರರು ತಲೆಮಾರುಗಳಿಂದ ಇಲ್ಲಿ ಬಾಳಿದವರು. ಕಾಡನ್ನು ಕಾಪಾಡುವ ಕಾನೂನಿನ ಭಾರ ಮೊದಲು ಬಿದ್ದದ್ದು ಇವರ ಹೆಗಲ ಮೇಲೆ: ರಸ್ತೆಗೆ ಅಡ್ಡಿ, ವಿದ್ಯುತ್ತಿಗೆ ಅಡ್ಡಿ. ಕೆಲವರು ಪರಿಹಾರ ಪಡೆದು ಹೊರಗೆ ಹೋಗಿದ್ದಾರೆ, ಕೆಲವರು ಉಳಿದಿದ್ದಾರೆ. ಅವರು ಉಳಿಸಿಕೊಟ್ಟ ಕಾಡನ್ನು ಒಂದು ದಿನ ನೋಡಿ ಸಂತೋಷಪಡುವವರು ನಾವು. ಮಾರ್ಗದರ್ಶಕನಿಗೆ ಕೊಡುವ ಹಣದಲ್ಲಿ ಚೌಕಾಸಿ ಮಾಡದಿರುವುದು, ಊರಿನ ಮನೆಯಲ್ಲಿ ಉಳಿದುಕೊಂಡು ಅವರ ಅಡಿಗೆಯನ್ನೇ ಉಣ್ಣುವುದು, ಅವರ ತೋಟದಲ್ಲಿ ಕೇಳದೆ ಕಾಲಿಡದಿರುವುದು, ಇವು ಸಣ್ಣ ಕೆಲಸಗಳಾದರೂ ಸಿದ್ಧತೆಯ ಪಟ್ಟಿಯಲ್ಲಿ ಸೇರಬೇಕು. ಬೆಟ್ಟದ ಮೇಲೆ ಅವನು “ಬೇಡ” ಎಂದರೆ ಬೇಡ. ನಮ್ಮ ಪದವಿಗಳು ಮಂಜಿನಲ್ಲಿ ದಾರಿ ತೋರುವುದಿಲ್ಲ.

ಇಷ್ಟು ನಿಬಂಧನೆಗಳನ್ನು ಕೇಳಿ, “ಹೋಗದಿರುವುದೇ ಮೇಲಲ್ಲವೇ?” ಎಂದು ಯಾರಾದರೂ ಕೇಳಬಹುದು. ಹಾಗಲ್ಲ. ನೋಡದವನಿಗೆ ಪ್ರೀತಿ ಹುಟ್ಟುವುದು ಕಷ್ಟ. ಪ್ರೀತಿಯಿಲ್ಲದವನು ಬೆಟ್ಟಕ್ಕೆ ಆಪತ್ತು ಬಂದಾಗ ದನಿಯೆತ್ತುವುದೂ ಕಷ್ಟ. ಗಣಿಯನ್ನು ನಿಲ್ಲಿಸಬೇಕೆಂದು ದುಡಿದವರಲ್ಲಿ ಅನೇಕರು ಈ ಬೆಟ್ಟವನ್ನು ನಡೆದು ಕಂಡವರೇ. ಆದುದರಿಂದ ಹೋಗಿ, ಕಾಲವನ್ನು ವಿಚಾರಿಸಿ, ಅಪ್ಪಣೆ ಪಡೆದು, ಹೊತ್ತಿನ ಲೆಕ್ಕ ಹಾಕಿ, ಹಗುರವಾಗಿ ಹೋಗಿ. ಶಿಖರ ಸಿಕ್ಕರೆ ಸಂತೋಷ. ಸಿಗದಿದ್ದರೆ ಶೋಲಾದ ಅಂಚಿನಲ್ಲಿ ಹರಿಯುವ ಯಾವುದಾದರೂ ಒಂದು ಸಣ್ಣ ತೊರೆಯ ಬಳಿ ಹತ್ತು ನಿಮಿಷ ಸುಮ್ಮನೆ ಕುಳಿತು ಬನ್ನಿ. ಮಳೆ ನಿಂತು ಎರಡು ತಿಂಗಳಾದರೂ ಅದು ಹರಿಯುತ್ತಿರುತ್ತದೆ. ಆ ನೀರು ಯಾರ ಕೊಡವನ್ನು ತುಂಬಲು ಹೊರಟಿದೆಯೆಂದು ಅಲ್ಲಿ ಕುಳಿತು ಯೋಚಿಸಿದವನಿಗೆ, ಆ ಬೆಟ್ಟದಲ್ಲಿ ಹೇಗೆ ನಡೆದುಕೊಳ್ಳಬೇಕೆಂಬುದನ್ನು ಮತ್ತೆ ಯಾರೂ ಹೇಳಿಕೊಡಬೇಕಾಗಿಲ್ಲ.